ಮುಖವೆಂಬ ಮೂರನೆಯ ಎಲೆ

ನನ್ನ ಮುಖದಲ್ಲಿ ಅಂಥದ್ದೇನಿದೆಯೋ ನನಗಂತೂ ತಿಳಿಯದು. ಗುರುತು ಪರಿಚಯವಿಲ್ಲದವರೂ ರೈಲ್ವೆ ಸ್ಟೇಷನ್ನಿನಲ್ಲಿ ತಮ್ಮ ಪೆಟ್ಟಿಗೆಯನ್ನು ನನ್ನ ಕಾಲ ಬಳಿ ತಂದಿಟ್ಟು, "ಸಾರ್, ಕೊಂಜಂ ಪಾತ್ತುಕ್ಕೋಂಗ", ಸ್ವಲ್ಪ ನೋಡಿಕೊಳ್ಳಿ ಎಂದು ತಮಿಳಿನಲ್ಲಿ ಹೇಳಿ ಹೊರಟುಬಿಡುತ್ತಾರೆ. ಮದರಾಸಿನ ಎಗ್ಮೋರಿನಲ್ಲಿ ಒಮ್ಮೆ ಒಬ್ಬಾಕೆ ಪೆಟ್ಟಿಗೆಯ ಜೊತೆಗೆ ಕೂಸನ್ನೂ ನನ್ನ ತೊಡೆಯ ಮೇಲೆ ಕೂರಿಸಿ ನೀರು ತರಲು ಹೋದಳು. ನನ್ನ ರೈಲು ಬಂತು, ನಿಂತಿತು, ಹೋಯಿತು. ಕೂಸು ನನ್ನ ಕನ್ನಡಕ ಕಿತ್ತುಕೊಂಡು ಅದರ ಕಡ್ಡಿಯನ್ನು ಚೀಪುತ್ತಿತ್ತು. ಆಕೆ ನಿಧಾನವಾಗಿ ಬಂದು, ಕೂಸನ್ನೆತ್ತಿಕೊಂಡು, ಒಂದು ಮಾತೂ ಆಡದೆ ಹೋದಳು. ಅಕ್ಕಪಕ್ಕದಲ್ಲಿ ಹತ್ತಾರು ಜನ ಕೂತಿದ್ದರೂ ಆಕೆ ನನ್ನನ್ನೇ ಆರಿಸಿಕೊಂಡಳಲ್ಲ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟೆ. ಇದು ಸತ್ಯವಂತನ ಮುಖ, ಕಂಡವರೆಲ್ಲ ನಂಬುವ ಮುಖ ಎಂದು ನಾನು ನಲವತ್ತಾರು ವರ್ಷ ತಿಳಿದುಕೊಂಡಿದ್ದೆ. ಈ ತಿಳಿವಳಿಕೆಯನ್ನು ನಮ್ಮ ಆಫೀಸಿನ ಇಸ್ಪೀಟು ಪಂದ್ಯವೊಂದು ಹೇಗೆ ಕೆಡಿಸಿತು ಎಂಬುದನ್ನು ಹೇಳಬೇಕಾಗಿದೆ.

ನಾನು ಸೈದಾಪೇಟೆಯ ಒಂದು ವಿಮಾ ಕಂಪೆನಿಯ ಶಾಖೆಯಲ್ಲಿ ಕ್ಲೇಮು ವಿಭಾಗದವನು. ನಮ್ಮ ತಂದೆ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು ಕ್ರೋಂಪೇಟೆಯಲ್ಲಿ ಮನೆ ಮಾಡಿದರು. ನಾವು ಅಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಬಾಗಿಲಾಚೆ ತಮಿಳು. ಮಗಳಿಗೆ ಮಾತ್ರ ಮನೆಯೊಳಗೂ ತಮಿಳೇ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ, ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ. ವಾದಿರಾಜ ಎಂಬ ನನ್ನ ಹೆಸರನ್ನು ಆಫೀಸಿನವರು ತಿರುಚಿ ತಿರುಚಿ 'ವಾದ್ಯಾರ್' ಮಾಡಿದ್ದಾರೆ. ಹಾಗೆಂದರೆ ಮೇಷ್ಟ್ರು. ನನಗೂ ಅದು ಒಪ್ಪಿಗೆಯಾಗಿತ್ತು. ನಾನು ಬೀರುವಿಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುವವನು, ಟೋಟಲ್ ಮಾಡಿದರೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡುವವನು. ಇಪ್ಪತ್ತೆರಡು ವರ್ಷದಲ್ಲಿ ನನ್ನ ರಜಾ ಅರ್ಜಿಯನ್ನು ಯಾವ ಮ್ಯಾನೇಜರೂ ಪೂರ್ತಿ ಓದಿದ್ದಿಲ್ಲ, ಕೆಳಗಿನ ಸಹಿ ನೋಡಿ, "ವಾದ್ಯಾರಾ? ಸರಿ" ಎಂದು ಬರೆದುಬಿಡುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಷಣ್ಮುಗಂ ಎಂಬುವರು ಹೊಸ ಮ್ಯಾನೇಜರಾಗಿ ಬಂದರು. ಪೊದೆ ಮೀಸೆ, ಗಡಸು ದನಿ, ಒಳ್ಳೆಯ ಮನಸ್ಸು. ಎದುರಿಗೆ ಕೂತವನ ಮುಖ ನೋಡಿದರೆ ಸಾಕು, ಅವನ ಹೊಟ್ಟೆಯೊಳಗೆ ಏನಿದೆಯೆಂದು ಹೇಳಬಲ್ಲೆ ಎನ್ನುವ ನಂಬಿಕೆ ಅವರಿಗಿತ್ತು. ಪ್ರತಿ ವರ್ಷ ಆಯುಧಪೂಜೆಯ ಹೊತ್ತಿಗೆ ನಮ್ಮ ಮನರಂಜನಾ ಸಂಘದಿಂದ ರಮ್ಮಿ ಪಂದ್ಯ ನಡೆಯುತ್ತಿತ್ತು. ಹಿಂದಿನ ವರ್ಷ ಅದರಲ್ಲಿ ಇಬ್ಬರು ಜಗಳವಾಡಿ ಮಾತು ಬಿಟ್ಟದ್ದರಿಂದ ಷಣ್ಮುಗಂ ಸಾರ್ ರಮ್ಮಿಯನ್ನೇ ನಿಲ್ಲಿಸಿದರು. ಆಗ ಎದ್ದು ನಿಂತವರು ನಮ್ಮ ಕ್ಯಾಷಿಯರ್ ವಿಜಯಲಕ್ಷ್ಮಿ ಮೇಡಂ. ಅವರಿಗೆ ಐವತ್ತಾರು ವರ್ಷ. ಹಣೆಯಲ್ಲಿ ವಿಭೂತಿ, ಕತ್ತಿನ ಸುತ್ತ ಪೌಡರು, ಮುಖದಲ್ಲಿ ನಗುವಿನ ಗುರುತೂ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದಿದ್ದರು. ಮಗು ಮಲಗಿದಾಗಲೆಲ್ಲ ಅಲ್ಲಿನ ಟೀವಿಯಲ್ಲಿ ಪೋಕರ್ ಪಂದ್ಯ ನೋಡಿ ನೋಡಿ ಆ ಆಟದಲ್ಲಿ ಪಂಡಿತೆಯಾಗಿದ್ದರು. "ಪೋಕರ್ ಆಡೋಣ. ಪಣ ಬೇಡ, ಗುಂಡಿ ಸಾಕು" ಎಂದರು. ಆಫೀಸಿನ ಮಾತೆಲ್ಲ ತಮಿಳೇ. ನಾನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಮದರಾಸಿನ ಹಳೆ ಪೇಟೆ ಪ್ಯಾರಿಸ್ ಕಾರ್ನರಿನಿಂದ ಷರಟಿನ ಬಿಳಿ ಗುಂಡಿ, ಕೋಟಿನ ಕರಿ ಗುಂಡಿ ಬಂದವು. ಬಿಳಿಯದಕ್ಕೆ ಒಂದು, ಕರಿಯದಕ್ಕೆ ಹತ್ತು. ಎಲ್ಲರಿಗೂ ಸಮನಾಗಿ ಹಂಚುವುದು, ಗುಂಡಿ ಮುಗಿದವರು ಏಳುವುದು, ಕೊನೆಗೆ ಉಳಿದವರಿಗೆ ಬಹುಮಾನ.

ಆಟದ ವಿವರ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ಎರಡೆರಡು ಎಲೆ, ಅದು ಗುಟ್ಟು. ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು ತೆರೆಯುತ್ತಾರೆ. ನಡುನಡುವೆ ಗುಂಡಿ ಮುಂದಿಟ್ಟು 'ನನ್ನ ಕೈ ದೊಡ್ಡದು' ಎಂದು ಸಾರಬೇಕು. ಹೆದರಿದವನು ಎಲೆ ಮಡಚಿ ಹೊರಗಾಗಬೇಕು, ಹೆದರದವನು ಅಷ್ಟೇ ಗುಂಡಿ ಇಟ್ಟು ಎದುರಿಸಬೇಕು. ಕೈಯವೂ ಮಧ್ಯದವೂ ಕೂಡಿ ಒಂದೇ ಜಾತಿಯ ಐದು ಎಲೆ ಸೇರಿದರೆ ಅದು ಮೂರು ರಾಜರನ್ನಾಗಲಿ ಮೂರು ರಾಣಿಯರನ್ನಾಗಲಿ ಹೊಡೆಯುತ್ತದೆ. ಇದೊಂದು ನಿಯಮ ನೆನಪಿರಲಿ, ಉಳಿದದ್ದು ಮರೆತರೂ ನಡೆಯುತ್ತದೆ.

ಪಂದ್ಯಕ್ಕೆ ಹದಿನೈದು ದಿನ ಮುಂಚಿನಿಂದ ಮೇಡಂ ಊಟದ ಹೊತ್ತಿನಲ್ಲಿ ಪಾಠ ಶುರು ಮಾಡಿದರು. ಮೊಸರನ್ನದ ಡಬ್ಬಿ ಒಂದು ಪಕ್ಕ, ಇಸ್ಪೀಟು ಎಲೆ ಇನ್ನೊಂದು ಪಕ್ಕ. ನಾನು ಬಂದ ಕೈಯನ್ನೆಲ್ಲ ಮಡಚುತ್ತಲೇ ಇದ್ದೆ. ಎಕ್ಕ ಬಂದರೆ ಜೊತೆಗೆ ಇನ್ನೊಂದು ಎಕ್ಕ ಇಲ್ಲವಲ್ಲ ಎಂದು ಮಡಚುತ್ತಿದ್ದೆ. ಕೊನೆಗೊಂದು ದಿನ ಅವರು ನನ್ನನ್ನೇ ದಿಟ್ಟಿಸಿ ನೋಡಿ, "ವಾದ್ಯಾರ್, ನಿಮಗೆ ಒಂದು ನಿಧಿ ಸಿಕ್ಕಿದೆ, ನಿಮಗೇ ಗೊತ್ತಿಲ್ಲ" ಎಂದರು.

"ಎಂಥ ನಿಧಿ ಮೇಡಂ?"

"ಟೇಬಲ್ ಇಮೇಜ್. ನಿಮ್ಮ ಕೈಯಲ್ಲಿ ಇರೋದು ಎರಡು ಎಲೆ. ಮೂರನೇ ಎಲೆ ನಿಮ್ಮ ಮುಖ. ಮೇಜಿನ ಸುತ್ತ ಕೂತವರು ನಿಮ್ಮನ್ನ ಎಂಥವರು ಅಂದುಕೊಂಡಿದ್ದಾರೋ ಅದಕ್ಕೆ ತಕ್ಕ ಹಾಗೆ ಆಡ್ತಾರೆ. ನೀವು ಸುಮ್ಮನೆ ಗುಂಡಿ ಇಡೋರಲ್ಲ ಅಂತ ಊರಿಗೆಲ್ಲ ಗೊತ್ತು. ಆದ್ದರಿಂದ ಒಂದೇ ಒಂದು ಸಲ ಸುಮ್ಮನೆ ಇಡಿ. ಎಲ್ಲರೂ ಓಡಿಹೋಗ್ತಾರೆ. ಆದರೆ ಇಟ್ಟ ಮೇಲೆ ನಿಮ್ಮ ಎಲೆ ಏನಿತ್ತು ಅಂತ ಯಾರಿಗೂ ತೋರಿಸಬೇಡಿ. ತೋರಿಸಿದರೆ ಮುಗೀತು. ಇಪ್ಪತ್ತು ವರ್ಷ ಕಟ್ಟಿದ್ದು ಅರ್ಧ ನಿಮಿಷದಲ್ಲಿ ಹೋಗುತ್ತೆ."

ನನಗೆ ರೋಮಾಂಚನವಾಯಿತು. ಇಷ್ಟು ವರ್ಷ ಬೀಗ ಎಳೆದು ನೋಡಿದ್ದೆಲ್ಲ ವ್ಯರ್ಥವಾಗಲಿಲ್ಲ, ಎಲ್ಲೋ ಜಮೆಯಾಗುತ್ತಿತ್ತು ಎನ್ನಿಸಿತು. ಆದರೂ ಧೈರ್ಯ ಬರಬೇಕಲ್ಲ! ಪಂದ್ಯದ ಶನಿವಾರ ಬೆಳಗ್ಗೆ ಹತ್ತಕ್ಕೆ ಮಹಡಿಯ ಊಟದ ಹಾಲಿನಲ್ಲಿ ಎರಡು ಮೇಜು ಹಾಕಿ ಹದಿನಾರು ಜನ ಕೂತೆವು. ನಾನು ಷಣ್ಮುಗಂ ಸಾರ್ ಇದ್ದ ಮೇಜಿನಲ್ಲಿದ್ದೆ. ಹನ್ನೊಂದೂವರೆಯವರೆಗೆ ನಾನು ಮಾಡಿದ ಕೆಲಸ ಎಲೆ ಮಡಚಿದ್ದು, ಕಾಫಿ ಕುಡಿದದ್ದು. ಆಮೇಲೆ, ಸರದಿಯ ಪ್ರಕಾರ ಎಲೆ ನೋಡುವ ಮೊದಲೇ ಎರಡು ಬಿಳಿ ಗುಂಡಿ ಇಡಲೇಬೇಕಾದ ಪಾಳಿ ನನ್ನದು ಬಂತು. ಇಟ್ಟೆ. ಎಲೆ ಎತ್ತಿ ನೋಡಿದರೆ ಡೈಮಂಡಿನ ಏಳು, ಕಳಾವರಿನ ಎರಡು. ಇದಕ್ಕಿಂತ ದರಿದ್ರವಾದ ಜೋಡಿ ಈ ಆಟದಲ್ಲಿಲ್ಲ ಎಂದು ಮೇಡಂ ಪಾಠದಲ್ಲೇ ಹೇಳಿದ್ದರು. ಉಳಿದವರೆಲ್ಲ ಮಡಚಿದರು, ಷಣ್ಮುಗಂ ಸಾರ್ ಒಬ್ಬರು ಎರಡು ಗುಂಡಿ ಇಟ್ಟು ಉಳಿದರು. ಮಧ್ಯದಲ್ಲಿ ಮೂರು ಎಲೆ ತೆರೆದರು. ಆಟೀನಿನ ರಾಜ, ಆಟೀನಿನ ಒಂಬತ್ತು, ಕಳಾವರಿನ ನಾಲ್ಕು.

ಸರಿಯಾಗಿ ಅದೇ ಹೊತ್ತಿಗೆ ಬಿಸಿ ಮೆದುವಡೆಯ ತಟ್ಟೆ ಬಂತು. ನಾನು ಒಂದು ವಡೆಯನ್ನು ಬಾಯಿಗಿಟ್ಟುಕೊಂಡು, ಚಟ್ನಿಯ ಬಟ್ಟಲಿಗೆ ಕೈ ಚಾಚಿದೆ. ಮೊಣಕೈ ತಗುಲಿ ನನ್ನ ಮುಂದೆ ಪೇರಿಸಿಟ್ಟಿದ್ದ ಕರಿ ಗುಂಡಿಗಳಲ್ಲಿ ನಾಲ್ಕು ಉರುಳಿಕೊಂಡು ಮೇಜಿನ ನಡುವಿಗೆ ಹೋಗಿ ಕೂತವು. ಮುಂದೆ ಹೋದ ಗುಂಡಿ ಹಿಂದೆ ಬರುವಂತಿಲ್ಲ ಎಂಬುದು ಮೇಡಂ ಅವರ ಕಾನೂನು. "ಅಯ್ಯೋ, ವಾದ್ಯಾರ್ ನಲವತ್ತು ಇಟ್ಟರು!" ಎಂದು ಯಾರೋ ಕೂಗಿದರು. ಇಡೀ ಹಾಲು ತಿರುಗಿ ನೋಡಿತು. ಇಟ್ಟದ್ದು ನಾನಲ್ಲ, ಮೊಣಕೈ ಎಂದು ಹೇಳಲು ನಾಚಿಕೆಯಾಯಿತು. ಷಣ್ಮುಗಂ ಸಾರ್ ಮೀಸೆಯ ತುದಿ ಮುಟ್ಟಿಕೊಂಡು ತಾವೂ ನಲವತ್ತು ಇಟ್ಟರು. ನಾಲ್ಕನೆಯ ಎಲೆ ಇಸ್ಪೀಟಿನ ಎಂಟು, ಇಬ್ಬರೂ ಗುಂಡಿ ಇಡದೆ ಬಿಟ್ಟೆವು. ಐದನೆಯದು ತೆರೆದರೆ ಆಟೀನಿನ ಮೂರು. ಈಗ ಮಧ್ಯದಲ್ಲಿ ಮೂರು ಆಟೀನು. ಕೈಯಲ್ಲಿ ಎರಡು ಆಟೀನು ಇರುವವನು ಗೆದ್ದ. ನನ್ನ ಕೈಯಲ್ಲಿ ಆಟೀನಿನ ವಾಸನೆಯೂ ಇರಲಿಲ್ಲ. ಆದರೆ ಪಕ್ಕದ ಮೇಜಿನಿಂದ ವಿಜಯಲಕ್ಷ್ಮಿ ಮೇಡಂ ಕತ್ತು ಚಾಚಿ ನನ್ನನ್ನು ನೋಡುತ್ತಿದ್ದರು. ನಿಧಿ, ನಿಧಿ ಎಂದು ಕಿವಿಯಲ್ಲಿ ಹೇಳಿದಂತಾಯಿತು. ಹೇಗೂ ನಲವತ್ತು ಹೋಗಿದೆ ಎಂದುಕೊಂಡು ಉಳಿದ ಗುಂಡಿಗಳನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದೆ.

"ವಾದ್ಯಾರ್, ಆಟೀನಾ?" ಎಂದರು ಷಣ್ಮುಗಂ ಸಾರ್, ನನ್ನ ಕಣ್ಣಲ್ಲಿ ಕಣ್ಣಿಟ್ಟು.

ನಾನು ಕಲ್ಲಿನಂತೆ ಕೂತಿದ್ದೆ. ಅದನ್ನು ಆಮೇಲೆ ಎಲ್ಲರೂ ಬಹಳ ಹೊಗಳಿದರು. ನಿಜ ಹೇಳಬೇಕೆಂದರೆ ಆ ವಡೆ ಇನ್ನೂ ಬಾಯಲ್ಲೇ ಇತ್ತು, ವಿಪರೀತ ಸುಡುತ್ತಿತ್ತು, ಅಗಿಯಲೂ ಆಗದೆ ಉಗುಳಲೂ ಆಗದೆ ಇದ್ದೆ. ಸಾರ್ ನನ್ನನ್ನು ಎರಡು ನಿಮಿಷ ಓದಿದರು. ಕೊನೆಗೆ ನಿಟ್ಟುಸಿರು ಬಿಟ್ಟು, "ಬೇರೆ ಯಾರಾದರೂ ಆಗಿದ್ದರೆ ಬಿಡ್ತಿರಲಿಲ್ಲ. ವಾದ್ಯಾರ್ ಸುಮ್ಮನೆ ಇಡೋ ಆಳಲ್ಲ" ಎಂದು ತಮ್ಮ ಎಲೆಗಳನ್ನು ಎಲ್ಲರಿಗೂ ತೋರಿಸಿ ಕೆಳಗಿಟ್ಟರು. ಎರಡು ರಾಜ. ಮಧ್ಯದಲ್ಲಿದ್ದ ರಾಜನೂ ಸೇರಿ ಮೂರು ರಾಜರನ್ನು ಮಡಚಿಬಿಟ್ಟಿದ್ದರು. "ಎಂಥ ಶಿಸ್ತಿನ ಆಟ ಸಾರ್" ಎಂದು ಅವರನ್ನೇ ಎಲ್ಲರೂ ಹೊಗಳತೊಡಗಿದರು. ಅದು ನನಗೆ ತಡೆಯಲಾಗಲಿಲ್ಲ. ಗೆದ್ದವನು ನಾನು, ಹೊಗಳಿಕೆ ಅವರಿಗೆ! ವಡೆ ನುಂಗಿ, ನನ್ನ ಎರಡು ಎಲೆಗಳನ್ನೂ ತಿರುಗಿಸಿ ಮೇಜಿನ ಮೇಲೆ ಹರವಿದೆ. ಏಳು, ಎರಡು.

ಹಾಲಿನ ಸೂರು ಹಾರಿಹೋಗುವಂತೆ ಕೂಗೆದ್ದಿತು. ಷಣ್ಮುಗಂ ಸಾರ್ ನನ್ನ ಎಲೆಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ವಿಜಯಲಕ್ಷ್ಮಿ ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ನಾನು ಮಾತ್ರ ಎದೆಯುಬ್ಬಿಸಿ, "ಇದೆಲ್ಲ ಟೇಬಲ್ ಇಮೇಜಿನ ಲೆಕ್ಕ. ಬೆಳಗ್ಗೆಯಿಂದ ಕಾಯ್ತಾ ಇದ್ದೆ" ಎಂದೆ. ಆ ದಿನ ನಾನು ಹೇಳಿದ ನಿಜವಾದ ಸುಳ್ಳು ಇದು. ಮೊಣಕೈಯ ವಿಷಯವನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಶಿಕ್ಷೆ ಬೇಗ ಸಿಕ್ಕಿತು. ಅಲ್ಲಿಂದಾಚೆ ನಾನು ಒಂದು ಬಿಳಿ ಗುಂಡಿ ಇಟ್ಟರೂ ಮೂರು ಜನ ಎದುರಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಮುಂಚೆ ನನ್ನ ಗುಂಡಿಯೆಲ್ಲ ಖಾಲಿ. ಪಂದ್ಯ ಗೆದ್ದು ಬಹುಮಾನದ ಹಾಟ್‌ಪ್ಯಾಕ್ ಸೆಟ್ಟನ್ನು ಮನೆಗೆ ಒಯ್ದವರು ಮೇಡಂ.

ಸೋಮವಾರ ಆಫೀಸಿಗೆ ಹೋದರೆ ಲೋಕ ಬದಲಾಗಿತ್ತು. "ಮರೀನ್ ಕ್ಲೇಮಿನ ಫೈಲು ಮೊನ್ನೆಯೇ ಕಳಿಸಿದ್ದೇನೆ" ಎಂದರೆ ಅಕೌಂಟ್ಸಿನವನು ಕಣ್ಣು ಮಿಟುಕಿಸಿ, "ನಿಜವಾಗ್ಲಾ ವಾದ್ಯಾರ್? ಇಲ್ಲ, ಏಳು-ರೆಂಡಾ?" ಎಂದ. ತಮಿಳಿನ ಏಳು-ರೆಂಡು, ನಮ್ಮ ಏಳು-ಎರಡು. ವಾರದೊಳಗೆ ಇಡೀ ಶಾಖೆಗೆ ಅದೇ ಮಾತಾಯಿತು. ನಾನು ಕೂಡಿದ ಟೋಟಲನ್ನು ಇನ್ನೊಬ್ಬರು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡತೊಡಗಿದರು. ಮನೆಗೂ ಸುದ್ದಿ ಬಂದಿತ್ತು. ಮಗಳು, "ಅಪ್ಪಾ, ನೀಂಗಳಾ? ಸೂಪರ್ ಪಾ!" ಎಂದು ಹುಟ್ಟಿದಂದಿನಿಂದ ಮೊದಲ ಸಲ ನನ್ನ ಬಗ್ಗೆ ಅಭಿಮಾನಪಟ್ಟಳು. ಹೆಂಡತಿ ಸುಧಾ ಮಾತ್ರ ಬೇರೆ ದಾರಿಯಲ್ಲಿ ಯೋಚಿಸುತ್ತಿದ್ದಳು. ತಟ್ಟೆಗೆ ಹುಳಿ ಬಡಿಸುತ್ತಾ, "ರೀ, ಹೋದ ವರ್ಷ ನಮ್ಮಣ್ಣನ ಮಗನ ಮುಂಜಿಗೆ ಆಫೀಸಲ್ಲಿ ಆಡಿಟ್ಟು ಅಂತ ಬರಲಿಲ್ಲವಲ್ಲ, ಅದು ನಿಜವಾದ ಆಡಿಟ್ಟೇನಾ?" ಎಂದಳು. ನಿಜವಾದ ಆಡಿಟ್ಟೇ ಆಗಿತ್ತು. ಆದರೆ ಹೌದು ಎನ್ನುವಾಗ ನನ್ನ ದನಿ ನನಗೇ ಅನುಮಾನ ಹುಟ್ಟಿಸಿತು.

ಇದೆಲ್ಲ ತಮಾಷೆ ಎಂದು ಸಹಿಸಬಹುದಿತ್ತು. ನವೆಂಬರಿನಲ್ಲಿ ಅಮ್ಮನ ಬಲಗಣ್ಣಿಗೆ ಪೊರೆಯ ಆಪರೇಷನ್ ಗೊತ್ತಾಯಿತು. ಪೋರೂರಿನ ಆಸ್ಪತ್ರೆ. ಮೂರು ದಿನದ ರಜೆಗೆ ಅರ್ಜಿ ಬರೆದು ಷಣ್ಮುಗಂ ಸಾರ್ ಮುಂದೆ ಇಟ್ಟೆ. ಅವರು ಅದನ್ನು ಪೂರ್ತಿ ಓದಿದರು. ಎರಡನೆಯ ಸಲವೂ ಓದಿದರು. ತಲೆಯೆತ್ತಿ ನನ್ನನ್ನು ನೋಡಿ ನಕ್ಕರು.

"ಅಮ್ಮನ ಕಣ್ಣಾ?"

"ಹೌದು ಸಾರ್. ಬಲಗಣ್ಣು."

"ಆವತ್ತೂ ನಿಮ್ಮ ಮುಖ ಹಿಂಗೇ ಇತ್ತು ವಾದ್ಯಾರ್. ಅಚ್ಚು ಹಿಂಗೇ. ನಾನು ಮೂರು ರಾಜ ಮಡಚಿದೆ. ತಪ್ಪು ತಿಳ್ಕೋಬೇಡಿ, ರಜೆ ಕೊಡ್ತೀನಿ. ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟ್ ತಂದುಬಿಡಿ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸರ್ಟಿಫಿಕೇಟು. ಆಪರೇಷನ್ ಸುಸೂತ್ರವಾಯಿತು. ಡಾಕ್ಟರ ಕೋಣೆಯ ಮುಂದೆ ಸರ್ಟಿಫಿಕೇಟಿಗಾಗಿ ಕಾದು ನಿಂತಾಗ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ಅಮ್ಮ, "ಇನ್ನೂ ಯಾಕೋ ನಿಂತಿದ್ದೀಯಾ? ಹೋಗೋಣ ನಡಿ" ಎಂದರು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮೊಣಕೈಯೊಂದನ್ನು ಬಿಟ್ಟು ನನ್ನ ಬಾಯಿಂದ ಎಲ್ಲ ಹೊರಬಿತ್ತು: ಪಂದ್ಯ, ಏಳು-ಎರಡು, ಸಾರ್ ನಂಬದೇ ಹೋದದ್ದು.

"ಇಸ್ಪೀಟಾಡಿದ್ಯಾ?" ಎಂದರು ಅಮ್ಮ. ಉಳಿದದ್ದು ಅವರಿಗೆ ಕೇಳಿಸಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿಸಿತು. "ಏನಂದೆ? ನನ್ನ ಕಣ್ಣೇ ಸುಳ್ಳು ಅಂದನಾ ಅವನು? ಆಟೋ ಕರಿ. ಮೊದಲು ನಿಮ್ಮ ಆಫೀಸಿಗೆ ಹೋಗೋಣ."

ಬೇಡಮ್ಮ ಎಂದು ನಾನು ಬೇಡಿಕೊಂಡದ್ದೆಷ್ಟೋ. ಕ್ರೋಂಪೇಟೆಗೆಂದು ಒಪ್ಪಿದ್ದ ಆಟೋದವನು ಸೈದಾಪೇಟೆ ಎಂದ ಕೂಡಲೇ ತಕರಾರು ತೆಗೆದ; ಅಮ್ಮ ಒಂಟಿ ಕಣ್ಣಿನಿಂದ ಅವನನ್ನು ನೋಡಿದ್ದಕ್ಕೆ ತೆಪ್ಪಗಾದ. ಪಟ್ಟಿ ಕಟ್ಟಿದ ಕಣ್ಣು, ಹೆಗಲ ತುಂಬ ಸೆರಗು, ನನ್ನ ತೋಳಿನ ಆಸರೆ, ಈ ಅವತಾರದಲ್ಲಿ ಅವರು ಮ್ಯಾನೇಜರ ಕೋಣೆಗೆ ನಡೆದೇಬಿಟ್ಟರು. ಷಣ್ಮುಗಂ ಸಾರ್ ದಡಕ್ಕನೆ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು, ಕಾಲು ಮುಟ್ಟಿ ನಮಸ್ಕರಿಸಿದರು, ಕಾಫಿಗೆ ಹೇಳಿಕಳಿಸಿದರು. ಬಾಗಿಲಲ್ಲಿ ವಿಜಯಲಕ್ಷ್ಮಿ ಮೇಡಂ, ಅವರ ಹಿಂದೆ ಅಕೌಂಟ್ಸ್ ವಿಭಾಗ ಪೂರ್ತಿ. ನಮ್ಮಮ್ಮನ ತಮಿಳಿಗೆ ಅರವತ್ತು ವರ್ಷ ವಯಸ್ಸು, ಅದರಲ್ಲಿ ಅರ್ಧ ಕನ್ನಡ; ಆವತ್ತು ಮಾತ್ರ ಯಾರಿಗೂ ಒಂದಕ್ಷರ ಅರ್ಥವಾಗದೆ ಹೋಗಲಿಲ್ಲ.

"ನೋಡಪ್ಪಾ, ಇದೇ ಆ ಕಣ್ಣು" ಎಂದು ಪಟ್ಟಿಯನ್ನು ತೋರಿಸಿದರು. "ನಮ್ಮ ವಾದಿ ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವನಲ್ಲ."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಹೇಳೋದಕ್ಕೆ ಬರಬೇಕಲ್ಲ! ಅದಕ್ಕೆ ತಲೆ ಬೇಕು. ಆ ತಲೆಯೆಲ್ಲಾ ದೇವರು ಇವನಣ್ಣನಿಗೆ ಕೊಟ್ಟುಬಿಟ್ಟ. ಇವನು ಸಣ್ಣವನಿದ್ದಾಗ ಉಂಡೆ ಕದ್ದರೆ, ತಾನೇ ಬಂದು ಎಷ್ಟು ಕದ್ದೆ ಅಂತ ಎಣಿಸಿ ಹೇಳ್ತಿದ್ದ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಷಣ್ಮುಗಂ ಸಾರ್ ಬಹಳ ವಿನಯದಿಂದ, "ಅಮ್ಮಾ, ನಾವೂ ಅದನ್ನೇ ನಂಬಿದ್ವಿ. ಇಡೀ ಆಫೀಸು ನಂಬಿತ್ತು. ಇವರಿಗೆ ಅಷ್ಟು ತಲೆ ಇಲ್ಲ ಅಂತ ಗೊತ್ತಿದ್ದರಿಂದಲೇ ಅಲ್ವಾ ನಾನು ಮೂರು ರಾಜ ಮಡಚಿದ್ದು? ಇವರು ನಮ್ಮೆಲ್ಲರನ್ನೂ ಏಮಾರಿಸಿಬಿಟ್ಟರು" ಎಂದರು.

"ಇವನಾ?" ಎಂದು ಅಮ್ಮ ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಸಿಟ್ಟಿರಲಿಲ್ಲ. ಹೇಳಲು ಸಂಕೋಚವಾಗುತ್ತದೆ, ಅದರಲ್ಲಿ ಇದ್ದದ್ದು ಹೆಮ್ಮೆ. ಅಣ್ಣ ಇಂಜಿನಿಯರಿಂಗ್ ಪಾಸಾದಾಗ ಅವನನ್ನು ನೋಡಿದ ನೋಟ ಅದು. ನನ್ನ ಪಾಲಿಗೆ ಅದು ಅಲ್ಲಿಯವರೆಗೆ ಎಂದೂ ಬಂದಿರಲಿಲ್ಲ.

ಅಂದು ಸಂಜೆ ನಾನು ಎಷ್ಟೋ ಹೊತ್ತು ಕನ್ನಡಿಯ ಮುಂದೆ ನಿಂತಿದ್ದೆ. ಜನ ನನ್ನ ರಜಾ ಅರ್ಜಿಯನ್ನು ಓದದೆ ಸಹಿ ಹಾಕಿದ್ದು ನನ್ನ ಸತ್ಯನಿಷ್ಠೆಯನ್ನು ಕಂಡಲ್ಲ. ಸುಳ್ಳು ಕಟ್ಟುವ ಸಾಮರ್ಥ್ಯ ಈ ಪ್ರಾಣಿಗಿಲ್ಲ ಎಂಬ ಕರುಣೆಯಿಂದ. ಎಗ್ಮೋರಿನ ಆ ತಾಯಿ ನನ್ನ ತೊಡೆಯ ಮೇಲೆ ಕೂಸನ್ನು ಬಿಟ್ಟು ಹೋದದ್ದೂ ಇವನು ಎತ್ತಿಕೊಂಡು ಎಲ್ಲಿಗೆ ಹೋದಾನು ಎಂಬ ಧೈರ್ಯದಿಂದಲೇ ಇರಬೇಕು. ಹಾಗಿದ್ದರೂ ಹೇಳುತ್ತೇನೆ, ಆ ಹಳೆಯ ನಂಬಿಕೆ ನನಗೆ ಬೇಕಾಗಿತ್ತು. ಮುಂದೆ ಫೆಬ್ರವರಿಯಲ್ಲಿ ಅಮ್ಮನ ಎಡಗಣ್ಣಿನ ಸರದಿ. ಮತ್ತೆ ಅರ್ಜಿ, ಮತ್ತೆ ಆ ನಗು. ದಡ್ಡನೆಂದಾದರೂ ಸರಿಯೇ, ನನ್ನ ಮಾತನ್ನು ಮಾತೆಂದು ತೆಗೆದುಕೊಂಡರೆ ಸಾಕು ಎನ್ನಿಸಿಬಿಟ್ಟಿತ್ತು.

ಪೊಂಗಲ್ ಮುಗಿದ ಮೇಲೆ ಎರಡನೆಯ ಪಂದ್ಯ ಇಟ್ಟರು. ಈ ಸಲ ಮನೆಯವರಿಗೂ ಆಹ್ವಾನ. ಬಹುಮಾನ ಟೇಬಲ್ ಟಾಪ್ ವೆಟ್ ಗ್ರೈಂಡರ್. ವಿಜಯಲಕ್ಷ್ಮಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ತೋರಿಸಬೇಡಿ ಅಂದರೆ ಕೇಳಲಿಲ್ಲ. ಹೋಗಲಿ. ಈಗ ನಿಮ್ಮ ಇಮೇಜು ತಿರುಗಿ ಕೂತಿದೆ, ಆಟವನ್ನೂ ತಿರುಗಿಸಿ. ಇನ್ನು ಸುಮ್ಮನೆ ಇಡಬೇಡಿ, ಯಾರೂ ಓಡೋದಿಲ್ಲ. ಒಳ್ಳೆ ಎಲೆ ಬರೋವರೆಗೆ ಕಾಯಿರಿ. ಬಂದಾಗ ಇಡಿ. ಯಾರೂ ನಂಬೋದಿಲ್ಲ, ಎಲ್ಲರೂ ಎದುರಿಸ್ತಾರೆ, ಸಿಕ್ಕಿಬೀಳ್ತಾರೆ" ಎಂದರು. ಕಾಯುವುದೊಂದು ನನಗೆ ಚೆನ್ನಾಗಿ ಬರುತ್ತದೆ. ಕಾದೆ. ಎರಡು ಒಳ್ಳೆಯ ಕೈ ಬಂದವು, ಎರಡರಲ್ಲೂ ಜನ ನಗುನಗುತ್ತಾ ಬಂದು ಗುಂಡಿ ಕೊಟ್ಟು ಹೋದರು. ಮೂರು ಗಂಟೆಯ ಹೊತ್ತಿಗೆ ಮೇಡಂ ಕೂಡ ಎದ್ದಿದ್ದರು. ಉಳಿದವರು ಇಬ್ಬರೇ: ಷಣ್ಮುಗಂ ಸಾರ್, ನಾನು. ಗುಂಡಿಯೂ ಹೆಚ್ಚುಕಡಿಮೆ ಸಮ. ಅವರದು ಒಂದೆರಡು ಕಡಿಮೆ. ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಸುಧಾ ಕೂತಿದ್ದಳು.

ನನಗೆ ಬಂದದ್ದು ಆಟೀನಿನ ಎಕ್ಕ, ಆಟೀನಿನ ಏಳು. ಮಧ್ಯದಲ್ಲಿ ತೆರೆದ ಮೂರರಲ್ಲಿ ಆಟೀನಿನ ರಾಣಿ, ಆಟೀನಿನ ಐದು, ಕಳಾವರಿನ ಹತ್ತು. ನಾಲ್ಕನೆಯದು ಆಟೀನಿನ ಎಂಟು. ಐದು ಆಟೀನು ಸೇರಿಯೇಹೋಯಿತು. ಅದನ್ನು ಮೀರಿಸುವ ಕೈ ಇನ್ನೊಂದು ಇರುವಂತಿರಲಿಲ್ಲ. ಐದನೆಯದಾಗಿ ಇಸ್ಪೀಟಿನ ಎರಡು ಬಿತ್ತು. ಗುಂಡಿಗಳನ್ನೆಲ್ಲ ಮುಂದಕ್ಕೆ ತಳ್ಳಿದೆ. ತಳ್ಳದೆ ಇರಲು ನಾನೇನು ಸನ್ಯಾಸಿಯೇ? ಷಣ್ಮುಗಂ ಸಾರ್ ಕುರ್ಚಿಗೆ ಒರಗಿ ಕೂತರು. ಮೇಜಿನ ಮೇಲೆ ಮತ್ತೆ ಮೂರು ಆಟೀನು, ಎದುರಿಗೆ ಮತ್ತೆ ನಾನು. ಸುತ್ತ ನಿಂತವರು "ಏಳು-ರೆಂಡು, ಏಳು-ರೆಂಡು" ಎಂದು ಪಿಸುಗುಟ್ಟತೊಡಗಿದರು.

"ಹೇಳಿ ವಾದ್ಯಾರ್. ಈ ಸಲ ನಿಜವಾಗ್ಲೂ ಇದೆಯಾ?"

ಆ ಕ್ಷಣದಲ್ಲಿ ನನಗೆ ಏನಾಯಿತೋ. ಈ ಮನುಷ್ಯ ನನ್ನ ಮುಖ ನೋಡಬೇಕು, ನಂಬಬೇಕು, ಎಲೆ ಮಡಚಬೇಕು. ನಾಳೆ ನನ್ನ ಅರ್ಜಿಯನ್ನು ಓದದೆ ಸಹಿ ಹಾಕಬೇಕು. ಗ್ರೈಂಡರು ಹಾಳಾಗಿ ಹೋಗಲಿ ಎನ್ನಿಸಿತು. ಬಾಯಲ್ಲಿ ವಡೆಯೂ ಇರಲಿಲ್ಲ. "ಇದೆ ಸಾರ್" ಎಂದೆ. "ನಿಮ್ಮಾಣೆಗೂ ಇದೆ. ಎಕ್ಕ, ಏಳು, ಎರಡೂ ಆಟೀನು. ದಯವಿಟ್ಟು ಇಡಬೇಡಿ ಸಾರ್." ಹೇಳುವಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಷಣ್ಮುಗಂ ಸಾರ್ ಆ ಒದ್ದೆ ಕಣ್ಣುಗಳನ್ನು ನೋಡಿದರು. ಮೀಸೆಯ ಕೆಳಗೆ ನಗು ಹರಡಿತು. "ಎಂಥ ನಟನೆ ಅಪ್ಪಾ!" ಎಂದವರೇ ತಮ್ಮ ಗುಂಡಿಯೆಲ್ಲವನ್ನೂ ತಳ್ಳಿ, ಎಲೆಗಳನ್ನು ಫಟಾರನೆ ತಿರುಗಿಸಿದರು. ಎರಡು ರಾಣಿ. ಮಧ್ಯದಲ್ಲಿದ್ದ ರಾಣಿಯೂ ಸೇರಿ ಮೂರು. ನಾನು ಎಕ್ಕ, ಏಳು ತಿರುಗಿಸಿದೆ.

ಆಮೇಲೆ ನಡೆದದ್ದನ್ನು ನಾನು ಸರಿಯಾಗಿ ಕಾಣಲಿಲ್ಲ, ಯಾರೋ ನನ್ನನ್ನು ಎತ್ತಿ ಹಿಡಿದಿದ್ದರು. "ನಿಜ ಹೇಳಿ ಏಮಾರಿಸಿದರಲ್ಲಯ್ಯಾ!" ಎಂದು ಹಾಲಿಗೆ ಹಾಲೇ ಕೂಗುತ್ತಿತ್ತು. ವಿಜಯಲಕ್ಷ್ಮಿ ಮೇಡಂ ಜೀವಮಾನದಲ್ಲಿ ಮೊದಲ ಸಲ ನಕ್ಕು, "ಸಿಂಗಪುರದ ಟೀವಿಯಲ್ಲೂ ಇಂಥದ್ದು ನೋಡಿಲ್ಲ. ಯಾವಾಗ ಯೋಚನೆ ಮಾಡಿದಿರಿ?" ಎಂದರು. "ಮೇಡಂ, ಯೋಚನೆಯೇ ಮಾಡಿಲ್ಲ. ಸಾರ್ ನನ್ನನ್ನ ನಂಬಲಿ ಅಂತ ಹೇಳಿದೆ" ಎಂದೆ. "ನನ್ನ ಹತ್ತಿರವೂನಾ?" ಎಂದು ಅವರು ಇನ್ನಷ್ಟು ನಕ್ಕರು. ಷಣ್ಮುಗಂ ಸಾರ್ ಗ್ರೈಂಡರನ್ನು ನನ್ನ ಕೈಗೆ ಕೊಡುತ್ತಾ ಮೈಕಿನಲ್ಲಿ, "ಇನ್ನು ಮೇಲೆ ವಾದ್ಯಾರ್ ಸುಳ್ಳು ಹೇಳಿದರೂ ಸರಿ, ನಿಜ ಹೇಳಿದರೂ ಸರಿ, ಸರ್ಟಿಫಿಕೇಟ್ ತರಬೇಕು" ಎಂದು ಘೋಷಿಸಿದರು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಸಂಜೆ ಸೈದಾಪೇಟೆಯಿಂದ ಎಲೆಕ್ಟ್ರಿಕ್ ರೈಲು ಹತ್ತಿದೆವು. ಸೀಟು ಸಿಕ್ಕಿತು. ಗ್ರೈಂಡರು ಕಲ್ಲಿನ ಸಮೇತ ನನ್ನ ತೊಡೆಯ ಮೇಲಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಮನಸ್ಸೂ ಅಷ್ಟೇ ಭಾರ. ಜನ ನಂಬಲಿ ಬಿಡಲಿ, ನಾನು ಇವತ್ತು ಮನಸಾರೆ ನಿಜ ಹೇಳಿದವನು, ಅದು ನನಗೆ ಗೊತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದನ್ನೇ ಸುಧಾಳಿಗೂ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದವಳು, "ಹೌದಾ?" ಎಂದಳು. ಗಿಂಡಿ ಹೋಯಿತು, ಸೇಂಟ್ ಥಾಮಸ್ ಮೌಂಟ್ ಹೋಯಿತು.

"ರೀ, ಒಂದು ಕೇಳ್ಲಾ? ನೀವು ಇಡಬೇಡಿ ಸಾರ್, ಇಡಬೇಡಿ ಸಾರ್ ಅಂತಿದ್ರಲ್ಲ, ಆವಾಗ ನಿಮ್ಮ ಎಡಗೈ ಏನು ಮಾಡ್ತಿತ್ತು ಗೊತ್ತಾ?"

"ಏನು ಮಾಡ್ತಿತ್ತು?"

"ಮುಂದೆ ಕಾಫಿ ಲೋಟ ಇತ್ತು, ಮಿಕ್ಸ್‌ಚರ್ ತಟ್ಟೆ ಇತ್ತು. ಎರಡನ್ನೂ ಮೆತ್ತಗೆ ಪಕ್ಕಕ್ಕೆ ಸರಿಸಿ ಜಾಗ ಮಾಡ್ತಿತ್ತು. ಅಷ್ಟೊಂದು ಗುಂಡಿ ಬಂದರೆ ಇಡೋದಕ್ಕೆ ಬೇಕಲ್ಲ."

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ನೆನಪು ಮಾಡಿಕೊಂಡು ನೋಡಿದೆ. ಗುಂಡಿಗಳು ನನ್ನ ಕಡೆ ಬಂದಾಗ ಮೇಜು ಖಾಲಿಯಿತ್ತು. ಬಾಯಿ ಮುಚ್ಚಿದೆ. ಕ್ರೋಂಪೇಟೆ ಬರುವವರೆಗೂ ಯೋಚಿಸಿದೆ, ಇಳಿದು ಗ್ರೈಂಡರು ಹೊತ್ತು ಮೇಲುಸೇತುವೆಯ ಮೆಟ್ಟಿಲು ಹತ್ತುವಾಗಲೂ ಯೋಚಿಸಿದೆ. ನಾನು ಆ ಕ್ಷಣದಲ್ಲಿ ಹೃದಯ ಬಿಚ್ಚಿ ನಿಜವನ್ನೇ ಹೇಳಿದೆ, ಸಾರ್ ಎಲೆ ಮಡಚಲಿ ಎಂದೇ ಬಯಸಿದೆ ಎಂದು ಈಗಲೂ ನಂಬಿದ್ದೇನೆ. ಎಡಗೈಯ ಅಭಿಪ್ರಾಯ ಬೇರೆಯಿದ್ದಿರಬಹುದು. ಅದನ್ನು ನಾನು ಕೇಳಲು ಹೋಗಿಲ್ಲ.